ಮೊದಲ ಸಿಪ್ಪೆಯ ಹಕ್ಕು

ಫರ್ವಾನಿಯಾದ ಆ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಪಾತುಂಞಿಗೆ ಇದ್ದದ್ದು ಒಂದೇ ಒಂದು ಬಾಲ್ಕನಿ. ಅಲ್ಲಿ ಬಟ್ಟೆ ಒಣಗಬೇಕಿತ್ತು, ಈರುಳ್ಳಿ ಬುಟ್ಟಿ ಇರಬೇಕಿತ್ತು, ಸಂಜೆ ಒಂದು ಗಳಿಗೆ ಅವಳು ಕಾಲು ಚಾಚಿ ಕೂರಬೇಕಿತ್ತು. ಯಾವುದೂ ನಡೆಯುತ್ತಿರಲಿಲ್ಲ. ಗಂಡ ಉಮ್ಮರಬ್ಬ ಅದರ ತುಂಬ ಮರ ತುಂಬಿಸಿದ್ದ.

ಮರ ಅಂದರೆ ಸಿಪ್ಪೆ ಹಲಗೆ. ದಿಮ್ಮಿಯನ್ನು ಗರಗಸಕ್ಕೆ ಕೊಟ್ಟಾಗ ಮೊದಲು ಸೀಳಿ ಬೀಳುವ, ಒಂದು ಮೈ ಚಪ್ಪಟೆ ಒಂದು ಮೈ ತೊಗಟೆಯಾದ, ವ್ಯಾಪಾರಕ್ಕೆ ಬಾರದ ಹಲಗೆ. ಉಪ್ಪಿನಂಗಡಿಯ ಮರದ ಮಿಲ್ಲಿನಲ್ಲಿ ಅವನ ಅಪ್ಪನ ಕಾಲದಿಂದ ಒಂದು ಕಟ್ಟಳೆ ಇತ್ತು: ಹೊಸ ದಿಮ್ಮಿಯ ಮೊದಲ ಸಿಪ್ಪೆ ಗರಗಸ ಹಿಡಿದವನ ಮನೆಗೆ. ಧಣಿಯೂ ಅದನ್ನು ಬೇಡವೆನ್ನುವಂತಿಲ್ಲ. ಅಂದಿನ ಒಲೆ ಅದರಲ್ಲೇ ಉರಿಯಬೇಕು. ಉಮ್ಮರಬ್ಬ ಆ ಕಟ್ಟಳೆಯನ್ನು ಕಡಲು ದಾಟಿಸಿ ಕುವೈತಿಗೆ ತಂದಿದ್ದ.

"ಇಲ್ಲಿ ಒಲೆ ಎಲ್ಲುಂಟು ನಿಮಗೆ?" ಪಾತುಂಞಿ ಕೇಳದ ವಾರವಿರಲಿಲ್ಲ. "ಗ್ಯಾಸಿನ ಸಿಲಿಂಡರಿಗೆ ತುರುಕಿಸ್ಲಾ ಇದನ್ನು?"

"ಹಕ್ಕು ಹಕ್ಕೇ. ನಾವೇ ಬಿಟ್ಟುಕೊಟ್ರೆ ಮತ್ತೆ ಯಾರು ಕೊಡ್ತಾರೆ?"

"ನಿಮ್ಮ ಹಕ್ಕಿನಲ್ಲಿ ಹುಳ ಆಗಿದೆ. ಹೋಗಿ ನೋಡಿ."

ಕಟ್ಟಡ ನೋಡಿಕೊಳ್ಳುವ ಹಾರಿಸ್, ಈಜಿಪ್ಟಿನ ಮುದುಕ, ಆಗಾಗ ಬಾಗಿಲು ತಟ್ಟಿ ಬಾಲ್ಕನಿಯತ್ತ ಕೈ ತೋರಿಸಿ "ಮಾಮಾ, ಖಲಾಸ್ ಕರೋ!" ಎಂದು ಕೂಗುತ್ತಿದ್ದ. ಅಮ್ಮಾ, ಖಾಲಿ ಮಾಡಿ ಮುಗಿಸು ಎಂದು ಅರಬಿಯೂ ಹಿಂದಿಯೂ ಕಲಸಿದ ಆ ಮಾತು ಪಾತುಂಞಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಅವಳು ಗಂಡನತ್ತ ಕೈ ತೋರಿಸುತ್ತಿದ್ದಳು.

ಉಮ್ಮರಬ್ಬನ ಕೆಲಸ ಸಬ್ಹಾನಿನ ಒಂದು ಮರದ ಕಂಪೆನಿಯಲ್ಲಿ. ಅವನ ಗರಗಸ ಮಾತ್ರ ಸಬ್ಹಾನಿನಲ್ಲಿ ಕೂರುತ್ತಿರಲಿಲ್ಲ. ಚಕ್ರದ ಮೇಲೆ ಉದ್ದನೆಯ ಕಬ್ಬಿಣದ ಹಳಿ, ಹಳಿಯ ಮೇಲೆ ಹಿಂದೆ ಮುಂದೆ ಓಡುವ ಎಂಜಿನ್, ಅದರಲ್ಲಿ ಎರಡು ಗಾಲಿಗಳ ಸುತ್ತ ತಿರುಗುವ ರಿಬ್ಬನ್ನಿನಂಥ ಬ್ಲೇಡು. ಪಿಕಪ್ಪಿನ ಹಿಂದೆ ಕಟ್ಟಿದರೆ ಮರ ಬಿದ್ದಲ್ಲಿಗೆ ಗರಗಸವೇ ಹೋಗುತ್ತಿತ್ತು. ವಫ್ರಾದ ತೋಟಗಳಿಗೆ ಹೋಗುತ್ತಿತ್ತು, ಹಡಗಿನವರು ಬಿಟ್ಟುಹೋದ ತೊಲೆಗಳಿದ್ದ ಶುಐಬಾಕ್ಕೆ ಹೋಗುತ್ತಿತ್ತು, ದೊಡ್ಡವರ ಮನೆಯಂಗಳದ ಸಿದ್ರ್ ಮರಗಳ ಬುಡಕ್ಕೂ ಹೋಗುತ್ತಿತ್ತು. ಸಿದ್ರ್ ಅಂದರೆ ನಮ್ಮ ಬೋರೆ ಹಣ್ಣಿನ ಮರದ ಜಾತಿ; ಒಣಗಿತೆಂದರೆ ಕಲ್ಲು. ಅದರ ಹಲಗೆ ಮೇಜಾಗಿ ದೊಡ್ಡವರ ದಿವಾನಿಯಾಗಳಲ್ಲಿ, ಅಂದರೆ ಗಂಡಸರು ಸೇರಿ ಕೂರುವ ಚಾವಡಿಗಳಲ್ಲಿ, ಹೊಳೆಯುತ್ತಿತ್ತು. ಆ ಮೇಜಿನ ಮುಂದೆ ಉಮ್ಮರಬ್ಬ ಒಮ್ಮೆಯೂ ಕೂತದ್ದಿಲ್ಲ.

ಗರಗಸದ ಇನ್ನೊಂದು ತುದಿಯಲ್ಲಿ, ಸೀಳಿದ ಹಲಗೆಯನ್ನು ಎಳೆದುಕೊಳ್ಳುವವನು ರಾಝಿಕ್. ಬೆಳ್ತಂಗಡಿ ಕಡೆಯವನು, ಊರಿನಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳು, ಇಲ್ಲಿ ಕೆಲಸಗಾರರ ಕ್ಯಾಂಪಿನಲ್ಲಿ ಒಂದು ಮಂಚ. ಶುಕ್ರವಾರ ಜುಮಾ ನಮಾಜು ಮುಗಿಸಿದರೆ ಅವನ ಊಟ ಪಾತುಂಞಿಯ ಮನೆಯಲ್ಲಿ. ಜನವರಿಯ ಮೊದಲ ಶುಕ್ರವಾರವೂ ಬಂದಿದ್ದ. ಅಕ್ಕಿ ರೊಟ್ಟಿ ಪತ್ತಿರಿಯ ಮೇಲೆ ಸಾರು ಸುರಿದುಕೊಳ್ಳುತ್ತ ಬಾಲ್ಕನಿಯತ್ತ ನೋಡಿದ.

"ಮಾಮಿ, ಇನ್ನು ನಾಲ್ಕು ಸಿಪ್ಪೆ ಬಂದ್ರೆ ಒಂದು ದೋಣಿ ಕಟ್ಬಹುದು. ಊರಿಗೆ ಹೋಗ್ಲಿಕ್ಕೆ ಟಿಕೆಟಿನ ಖರ್ಚು ಉಳೀತದೆ."

"ಮೊದ್ಲು ನಿನ್ನ ಉಮ್ಮರಾಕನನ್ನು ಅದರಲ್ಲಿ ಕೂರಿಸಿ ದೂಡು."

"ಅವರು ಬರುದಿಲ್ಲ ಮಾಮಿ. ದೋಣಿಯ ಹಲಗೆಯಲ್ಲಿ ಮೊಳೆ ಉಂಟಾ ನೋಡ್ತಾ ಕಡಪ್ಪುರದ ಮರಳಿನಲ್ಲೇ ಕೂತಿರ್ತಾರೆ."

ಎಲ್ಲರೂ ನಕ್ಕರು. ಹನ್ನೆರಡನೇ ಕ್ಲಾಸಿನ ಮಗಳು ನಿಶಾ ಪುಸ್ತಕದಿಂದ ತಲೆಯೆತ್ತದೆ ನಕ್ಕಳು. ಅದೇ ಕಂಪೆನಿಯ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಮಗ ಸಫ್ವಾನ್ ಕೂಡ ನಕ್ಕ. ಮೊಳೆ ಉಮ್ಮರಬ್ಬನ ಹುಚ್ಚು. ಇಲ್ಲಿನ ಅಂಗಳದ ಮರಗಳಿಗೆ ಫೆಬ್ರವರಿಯ ರಾಷ್ಟ್ರೀಯ ಹಬ್ಬಕ್ಕೆ ದೀಪದ ಸರ ಹೊಡೆಯುತ್ತಾರೆ, ಬಾವುಟ ಹೊಡೆಯುತ್ತಾರೆ. ಹಬ್ಬ ಹೋಗುತ್ತದೆ, ಮೊಳೆ ಉಳಿಯುತ್ತದೆ, ವರ್ಷ ಕಳೆದಂತೆ ಮರ ಅದನ್ನು ನುಂಗಿ ಮೇಲೆ ತೊಗಟೆ ಎಳೆದುಕೊಳ್ಳುತ್ತದೆ. ಓಡುವ ಬ್ಲೇಡಿಗೆ ಅದು ಸಿಕ್ಕಿತೋ, ಮುಗಿಯಿತು. ಹಾಗಾಗಿ ಉಮ್ಮರಬ್ಬ ಕಬ್ಬಿಣ ಹುಡುಕುವ ಸಣ್ಣ ಯಂತ್ರವನ್ನು ದಿಮ್ಮಿಯ ಮೈಮೇಲೆಲ್ಲ ಆಡಿಸಿ, ಅದು ಕಿರುಗುಟ್ಟಿದಲ್ಲಿ ಕೆಂಪು ಸೀಮೆಸುಣ್ಣದಲ್ಲಿ ಒಂದು ಸುತ್ತು ಎಳೆಯುತ್ತಿದ್ದ. ಸುತ್ತು ಬಿದ್ದ ತುಂಡನ್ನು ಕೊಯ್ದು ಬಿಸಾಡಿಯೇ ಮುಂದಿನ ಮಾತು. ಮದುಮಗಳ ಕೈಗೆ ಮೈಲಾಂಚಿ ಹಾಕಿದ ಹಾಗೆ ಹಾಕ್ತಾರೆ ಎಂದು ರಾಝಿಕ್ ತಮಾಷೆ ಮಾಡುತ್ತಿದ್ದ.

ಮುಂದಿನ ವಾರ ಒಂದು ಸಂಜೆ ಉಮ್ಮರಬ್ಬ ಬಾಗಿಲಲ್ಲಿ ಬಂದು ನಿಂತ. ಕಂಕುಳಲ್ಲಿ ನಿಶಾಳಷ್ಟೇ ಎತ್ತರದ ಒಂದು ಸಿಪ್ಪೆ ಹಲಗೆ.

"ತಂದ್ರಾ ಮತ್ತೊಂದು?" ಎಂದು ಶುರು ಮಾಡಿದ ಪಾತುಂಞಿಯ ಕಣ್ಣು ಅವನ ಅಂಗಿಯ ಮೇಲೆ ಬಿತ್ತು. "ಯಾ ಅಲ್ಲಾ! ಯಾರ ರಕ್ತ ಇದು?"

"ರಾಝಿಕಿಂದು."

ಹಲಗೆಯನ್ನು ತಾನು ಹೊತ್ತು ತಂದದ್ದೇ ಅವನಿಗೆ ಗೊತ್ತಿದ್ದಂತಿರಲಿಲ್ಲ. ರೂಢಿಯಾದದ್ದನ್ನು ಕೈ ಮಾಡಿ ಮುಗಿಸಿತ್ತು. ಪಾತುಂಞಿಯೇ ಅದನ್ನು ಬಿಡಿಸಿಕೊಂಡು ಗೋಡೆಗೆ ಆನಿಸಿ, ಅವನನ್ನು ಕೂರಿಸಿ, ನೀರು ಕುಡಿಸಿದಳು. ಮಾತು ತುಂಡು ತುಂಡಾಗಿ ಬಂತು. ದೊಡ್ಡ ಮನೆಯೊಂದರ ಸಿದ್ರ್ ದಿಮ್ಮಿ. ಒಂದೇ ಕಡೆ ಎರಡು ಮೊಳೆ, ಒಂದು ಮೇಲೆ, ಒಂದು ಆಳದಲ್ಲಿ. ಸುತ್ತು ಹಾಕಿ, ಆ ತುಂಡು ತೆಗೆಯಬೇಕು ಎಂದಿದ್ದ. ಮ್ಯಾನೇಜರ್ ಸವಾದ್ ಅಲ್ಲೇ ಇದ್ದ. ಗಿರಾಕಿಗೆ ಉದ್ದದ ಮೇಜು ಬೇಕು, ತುಂಡು ಮಾಡುವಂತಿಲ್ಲ, ಯಲ್ಲಾ, ಹೊಡಿ ಎಂದ. ಮೊದಲ ಸಿಪ್ಪೆ ಸೀಳುವಾಗಲೇ ಬ್ಲೇಡು ಮೇಲಿನ ಮೊಳೆಯನ್ನು ಕಚ್ಚಿ ದಾಟಿತು. ಹಲ್ಲು ಹೋಗಿದೆ, ಬ್ಲೇಡು ಬದಲಾಯಿಸಬೇಕು ಎಂದದ್ದಕ್ಕೆ, ಇನ್ನೊಂದೇ ಹಲಗೆ, ಆಮೇಲೆ ನೋಡೋಣ ಎಂದ. ಎರಡನೇ ಸೀಳಿನಲ್ಲಿ ಆಳದ ಮೊಳೆ ಸಿಕ್ಕಿತು. ಬ್ಲೇಡು ಹರಿದು ಹಾವಿನ ಹಾಗೆ ರಾಝಿಕನ ಕೈಯತ್ತ ಹಾರಿತು. ಅದನ್ನು ತಡೆಯಬೇಕಾದ ಮುಚ್ಚಳ ಎರಡು ತಿಂಗಳಿಂದ ಯಂತ್ರದ ಮೇಲಿರಲಿಲ್ಲ. ದಪ್ಪ ದಿಮ್ಮಿಗೆ ಅಡ್ಡವಾಗುತ್ತದೆಂದು ಸವಾದೇ ತೆಗೆಸಿದ್ದ.

"ಯಾವ ಕೈ?" ಪಾತುಂಞಿ ಕೇಳಿದಳು.

"ಬಲಗೈ. ಮೂರು ಬೆರಳು."

ಅಂದು ಆ ಮನೆಯಲ್ಲಿ ಅನ್ನ ಮುಟ್ಟಿದವರಿಲ್ಲ.

ನಾಲ್ಕು ದಿನದ ಮೇಲೆ ಸಫ್ವಾನ್ ಆಫೀಸಿನಿಂದ ಒಂದು ಕಾಗದ ತಂದ. ಅರಬಿಯಲ್ಲಿ ಟೈಪಾಗಿತ್ತು, ಕೆಳಗೆ ಇಂಗ್ಲಿಷ್. ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ಇಟ್ಟ.

"ಉಪ್ಪ, ಇದಕ್ಕೊಂದು ಸೈನ್ ಹಾಕಿ."

"ಎಂಥ ಬರೆದಿದೆ ಅದರಲ್ಲಿ?" ಪಾತುಂಞಿ ಸಾರಿನ ಸೌಟು ಹಿಡಿದೇ ಕೇಳಿದಳು.

"ಅದು... ಕಂಪೆನಿ ಫಾರ್ಮಾಲಿಟಿ."

"ಓದು."

ಅವನು ಓದಲಿಲ್ಲ. ನಿಶಾ ಎಳೆದುಕೊಂಡು ಓದಿದಳು. ಮರದಲ್ಲಿ ಕಬ್ಬಿಣವಿರಲಿಲ್ಲ. ರಾಝಿಕ್ ತಾನೇ ಮುಚ್ಚಳ ಬಿಚ್ಚಿದ. ಗರಗಸ ನಡೆಸುವವನು ಬೇಡವೆಂದರೂ ಓಡುವ ಬ್ಲೇಡಿಗೆ ಕೈ ಕೊಟ್ಟ. ಇದು ಗರಗಸ ನಡೆಸುವವನ ಹೇಳಿಕೆ.

"ಥೂ," ಎಂದಳು ಪಾತುಂಞಿ. "ಇದನ್ನು ನಿನ್ನ ಕೈಯಾರೆ ಹಿಡ್ಕೊಂಡು ಬಂದ್ಯಾ?"

"ಮತ್ತೆಂಥ ಮಾಡ್ಬೇಕಿತ್ತು ಉಮ್ಮ? ಮುಂದಿನ ತಿಂಗಳು ಉಪ್ಪನ ಇಕಾಮಾ ಮುಗೀತದೆ. ಸೈನ್ ಹಾಕಿದ್ರೆ ರಿನ್ಯೂ, ಇಲ್ಲದಿದ್ರೆ ಇಲ್ಲ ಅಂತ ಸವಾದ್ ಸಾರ್ ಹೇಳಿದ್ದಾರೆ. ಉಪ್ಪನದ್ದು ಹೋದ್ರೆ ನಿಮ್ಮದೂ ಹೋಯ್ತು, ಇವಳದ್ದೂ ಹೋಯ್ತು; ಈ ದೇಶದಲ್ಲಿ ನಿಲ್ಲುವ ಹಾಗಿಲ್ಲ. ಬೋರ್ಡ್ ಎಕ್ಸಾಮ್ ಎಲ್ಲಿ ಬರೀತಾಳೆ, ಏರ್‌ಪೋರ್ಟಿನಲ್ಲಾ?"

"ನನ್ನ ಹೆಸರು ಹೇಳ್ಬೇಡ, ಕಾಕ," ಎಂದಳು ನಿಶಾ ಅಣ್ಣನಿಗೆ. "ಡೋಂಟ್ ಪುಟ್ ಇಟ್ ಆನ್ ಮಿ."

"ನೀನು ಸುಮ್ನಿರು. ಫೀಸ್ ಕಟ್ಟುವವರು ಯಾರು ಗೊತ್ತುಂಟಾ?"

"ಗೊತ್ತುಂಟು. ಉಪ್ಪನ ಗರಗಸ."

"ರಾಝಿಕನಿಗೆ ಏನು ಕೊಡ್ತಾರಂತೆ?" ಪಾತುಂಞಿ ಕೇಳಿದಳು.

"ಟಿಕೆಟ್ ಕೊಡ್ತಾರೆ."

"ಕೈಗೆ?"

"ತಪ್ಪು ಅವನದ್ದೇ ಆದ್ರೆ ಪರಿಹಾರ ಎಲ್ಲಿಂದ ಬರ್ತದೆ ಉಮ್ಮ?"

"ಅದಕ್ಕೇ ತಪ್ಪು ಅವನದ್ದಾಗ್ಬೇಕು. ಅಲ್ವಾ?"

ಉಮ್ಮರಬ್ಬ ಗಂಜಿಯಲ್ಲಿ ಬೆರಳಾಡಿಸುತ್ತ ಕೂತಿದ್ದ. ಕೊನೆಗೆ ಎಡಗೈಯಿಂದ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡ. ಪಾತುಂಞಿ ಉಪ್ಪಿನಕಾಯಿ ಭರಣಿಯನ್ನು ಎತ್ತಿ ಕಾಗದದ ಮೇಲೆ ಇಟ್ಟಳು. ಅಲ್ಲಿಗೆ ಅಂದಿನ ಊಟ ಮುಗಿಯಿತು.

ಮರುದಿನ ಬೆಳಿಗ್ಗೆ ಅವನು ಗೋಡೆಗೊರಗಿದ್ದ ಹಲಗೆಯನ್ನು ನೋಡುತ್ತ ನಿಂತಿದ್ದ. ತೊಗಟೆಯ ಮೇಲೆ ಕೆಂಪು ಸುತ್ತು ಹಾಗೇ ಇತ್ತು. ಚಪ್ಪಟೆ ಮೈಯಲ್ಲಿ ತುಂಡಾದ ಮೊಳೆ ಒಂದು ಸಣ್ಣ ಕಾಸಿನಂತೆ ಹೊಳೆಯುತ್ತಿತ್ತು.

"ಉಳಿದ ದಿಮ್ಮಿ?" ಅವಳು ಕೇಳಿದಳು.

"ಸವಾದ್ ಅವತ್ತೇ ತುಂಡು ಮಾಡಿಸಿ ಕಬಾಬಿನ ಅಂಗಡಿಗೆ ಸೌದೆಗೆ ಕಳಿಸಿದ." ಹಲಗೆಯತ್ತ ಕೈ ತೋರಿಸಿ ಹೇಳಿದ, "ಇದನ್ನೂ ಹಾರಿಸ್‌ಗೆ ಕೊಟ್ಟುಬಿಡು ಪಾತುಂಞಿ. ನಿನಗೆ ಬಾಲ್ಕನಿ ಬೇಕಿತ್ತಲ್ಲ. ಎಲ್ಲ ಕೊಟ್ಟುಬಿಡು."

ಹನ್ನೊಂದು ವರ್ಷ ಅವಳು ಕಾದಿದ್ದ ಮಾತು ಅದು.

"ಇಷ್ಟು ವರ್ಷ ಬಾಯಿ ಬಡ್ಕೊಂಡೆ, ಆಗ ಕೊಡ್ಲಿಲ್ಲ. ಈಗ ಕೊಡ್ಬೇಕಾ?" ಎಂದಳು. "ಉಳಿದದ್ದೆಲ್ಲ ಇವತ್ತೇ ತೆಗೆದುಕೊಂಡು ಹೋಗ್ಲಿ ಅವನು. ಇದೊಂದು ಹೋಗುದಿಲ್ಲ. ಹಕ್ಕಿನದ್ದಲ್ವಾ ಇದು?"

ಹಲಗೆಯನ್ನು ಎಳೆದುಕೊಂಡು ಹೋಗಿ ಅಡಿಗೆಮನೆಯಲ್ಲಿ, ಫ್ರಿಜ್ಜಿನ ಸಂದಿಯಲ್ಲಿ ನಿಲ್ಲಿಸಿದಳು. ಅಲ್ಲಿಂದ ತೆಗೆಯಬೇಕಾದರೆ ಅವಳನ್ನು ದಾಟಬೇಕಿತ್ತು.

ಆ ದಿನ ಮಧ್ಯಾಹ್ನ ಡಬ್ಬಿಯಲ್ಲಿ ಗಂಜಿ, ಹುರಿದ ಬಂಗುಡೆ, ತೆಂಗಿನಕಾಯಿ ಚಟ್ನಿ ತುಂಬಿಕೊಂಡು ಬಸ್ಸು ಹತ್ತಿ ಆಸ್ಪತ್ರೆಗೆ ಹೋದಳು. ರಾಝಿಕ್ ಮಂಚದ ಮೇಲೆ ಕೂತಿದ್ದ. ಬಲಗೈ ಮಣಿಕಟ್ಟಿನವರೆಗೂ ಬಿಳಿ ಉಂಡೆ. ಮುಂದೆ ಆಸ್ಪತ್ರೆಯ ಊಟ ಮುಟ್ಟದೆ ತಣ್ಣಗಾಗಿತ್ತು.

"ಯಾಕೆ ತಿನ್ಲಿಲ್ಲ?"

ಅವನು ಎಡಗೈ ನೋಡಿಕೊಂಡ. ಹುಟ್ಟಿದಂದಿನಿಂದ ಎಡಗೈ ಅನ್ನ ಮುಟ್ಟಬಾರದೆಂದು ಕಲಿತವನು. ಚಮಚ ಹಿಡಿಯಲು ನಾಚಿಕೆ. ಪಾತುಂಞಿ ಅವನೆದುರು ಕುರ್ಚಿ ಎಳೆದು, ಗಂಜಿ ಕಲಸಿ, ಮುಳ್ಳು ಬಿಡಿಸಿದ ಮೀನು ಸೇರಿಸಿ, ಬಾಯಿಗೆ ತುತ್ತಿಟ್ಟಳು. ಪಕ್ಕದ ಮಂಚದವರು ನೋಡುತ್ತಿದ್ದರು. ನೋಡಲಿ.

"ಟಿಕೆಟ್ ರೆಡಿ ಆಗಿದೆಯಂತೆ ಮಾಮಿ," ಎಂದ ನಾಲ್ಕನೇ ತುತ್ತಿಗೆ. "ಉಮ್ಮರಾಕ ಸೈನ್ ಹಾಕಿದ್ರೆ ಹಾಕ್ಲಿ. ನಾನು ಬೇಜಾರು ಮಾಡುದಿಲ್ಲ. ನಿಶಾಳ ಪರೀಕ್ಷೆ ಉಂಟಲ್ಲ."

ಪಾತುಂಞಿಯ ಕೈ ನಿಂತಿತು.

"ನೀನು ದೊಡ್ಡ ಮನಸ್ಸು ಮಾಡ್ಬೇಡ ಮಾರಾಯ. ನಿನ್ನ ಬೆರಳು ಕೂಡ ಹೋಗಿ, ನೀನೇ ನಮ್ಮನ್ನು ಕ್ಷಮಿಸಿ ಕೂಡ ಬಿಟ್ರೆ, ಆ ಸವಾದ್ ಎಂಥ ಮಾಡುದು? ಸುಮ್ನೆ ಎಸಿಯಲ್ಲಿ ಕೂರುದಾ? ಬಾಯಿ ತೆರೆ."

ಬಾಯಿ ತೆರೆದ. ಗಂಜಿ ಪೂರ್ತಿ ಉಂಡ.

ಮನೆಯಲ್ಲಿ ಜಗಳ ಮುಂದುವರಿಯಿತು. ಬೆಳಿಗ್ಗೆ ಚಹಾಕ್ಕೆ ಒಂದು ಸಲ, ಕುಬ್ಬೂಸ್ ರೊಟ್ಟಿ ತರಲು ಹೋಗುವವರು ಯಾರೆಂಬ ನೆಪಕ್ಕೆ ಒಂದು ಸಲ, ಬಟ್ಟೆ ಮಡಚುವಾಗ ಒಂದು ಸಲ. ಬಾಲ್ಕನಿ ಖಾಲಿಯಾಗಿತ್ತು, ಅಲ್ಲಿ ಕಾಲು ಚಾಚಿ ಕೂರಲು ಪಾತುಂಞಿಗೆ ಈಗ ಪುರುಸೊತ್ತಿರಲಿಲ್ಲ. ಸಫ್ವಾನ್ ಒಂದು ಸಂಜೆ ತಲೆ ತಗ್ಗಿಸಿ ಬಂದು ಹೇಳಿದ:

"ಉಮ್ಮ, ಸವಾದ್ ಸಾರಿಗೆ ನಾನೊಂದು ಹೇಳ್ಬಿಟ್ಟೆ. ಉಪ್ಪ ಮೊದಲ ಸಿಪ್ಪೆ ಮನೆಗೆ ತಂದಿದ್ದಾರೆ, ಅದರಲ್ಲಿ ಮೊಳೆ ಕಾಣ್ತದೆ ಅಂತ. ಅದನ್ನು ನೋಡಿಯಾದ್ರೂ ಕಾಗದ ಬದಲಾಯಿಸ್ತಾರೆ ಅಂದ್ಕೊಂಡೆ."

"ಬದಲಾಯಿಸಿದ್ರಾ?"

"ಶುಕ್ರವಾರ ಮನೆಗೆ ಬರ್ತಾರಂತೆ."

"ಬರ್ಲಿ. ಮೀನು ತಗೊಂಡು ಬಾ. ಒಳ್ಳೆ ಝುಬೈದಿ."

ಸವಾದ್ ಪುತ್ತೂರಿನವನು, ಇವರ ಭಾಷೆಯವನೇ. ಸಾಲ್ಮಿಯಾದಲ್ಲಿ ಸಮುದ್ರ ಕಾಣುವ ಮನೆ. ಊರವರ ಸಂಘದ ವೇದಿಕೆಯಲ್ಲಿ ನಾವೆಲ್ಲ ಒಂದೇ ಕುಟುಂಬ ಎಂದು ಮಾತಾಡುವವನು. ಜುಮಾ ಮುಗಿಸಿ ಖರ್ಜೂರದ ಡಬ್ಬಿ ಹಿಡಿದುಕೊಂಡು ಬಂದ. ಹಾಲ್‌ನ ನೆಲದಲ್ಲಿ ಊಟಕ್ಕೆಂದು ಹಾಸಿದ ಸುಪ್ರದ ಮೇಲೆ ಊಟ ಸಿದ್ಧವಾಗಿತ್ತು. ನಡುವೆ, ಬಿಳಿ ಬಟ್ಟೆ ಹೊದಿಸಿದ ಒಂದು ಉದ್ದ ಹಲಗೆ. ಅಲುಗಾಡದಂತೆ ಎರಡೂ ಬದಿಗೆ ನಿಶಾಳ ಫಿಸಿಕ್ಸ್ ಗೈಡುಗಳ ಒತ್ತು ಕೊಟ್ಟಿತ್ತು. ಮೇಲೆ ಪತ್ತಿರಿ, ಸಾರು, ಹುರಿದ ಝುಬೈದಿ.

"ಎಂಥ ಇದು ಪಾತುಂಞಿತ್ತ, ಮದುವೆಯಾ?" ಎಂದು ನಕ್ಕು ಕೂತ. "ಹೊಸ ಮೇಜು ಬೇರೆ!"

"ನಿಮ್ಮ ಗಿರಾಕಿಗಳಿಗೆ ಮಾತ್ರ ಮೇಜು ಇದ್ರೆ ಆಗ್ತದಾ? ತಗೊಳ್ಳಿ."

ಅವನು ಒಂದು ತುಂಡು ಮೀನು ಮುರಿದು ಬಾಯಿಗಿಟ್ಟು, ಉಮ್ಮರಬ್ಬನತ್ತ ತಿರುಗಿದ. "ಉಮ್ಮರಾಕ, ಎಂಥಕ್ಕೆ ತಡ? ಒಂದು ಸೈನ್. ರಾಝಿಕ್‌ಗೆ ನಾವು ಸಂಘದಿಂದ ಏನಾದ್ರೂ ಮಾಡುವ. ಚಂದಾ ಎತ್ತುವ. ನಮ್ಮವನಲ್ವಾ? ಮತ್ತೆ ಆ ಸಿಪ್ಪೆ ಏನೋ ಉಂಟಂತಲ್ಲ, ಅದನ್ನು ಡ್ರೈವರ್ ಕೆಳಗೆ ಇದ್ದಾನೆ, ಅವನ ಹತ್ರ ಕೊಟ್ಟುಬಿಡಿ."

ಪಾತುಂಞಿ ಅವನ ಮುಂದಿದ್ದ ಮೀನಿನ ತಟ್ಟೆಯನ್ನು ಮೆಲ್ಲ ಪಕ್ಕಕ್ಕೆ ಸರಿಸಿದಳು. ಬಟ್ಟೆಯನ್ನು ಹಿಂದಕ್ಕೆ ಮಡಚಿದಳು. ಅವನ ಬೆರಳಿನಿಂದ ಒಂದು ಗೇಣು ದೂರದಲ್ಲಿ ಮೊಳೆ ಹೊಳೆಯಿತು.

"ನೀವು ಉಣ್ತಾ ಇರುದು ಅದರ ಮೇಲೆಯೇ. ನಿಶಾ, ಆ ಕಡೆ ಹಿಡಿ."

ತಾಯಿ ಮಗಳು ತಟ್ಟೆಗಳನ್ನು ನೆಲಕ್ಕಿಳಿಸಿ ಹಲಗೆಯನ್ನು ಮಗುಚಿದರು. ತೊಗಟೆಯ ಮೇಲೆ ಕೆಂಪು ಸುತ್ತು.

"ನೋಡಿ. ಇದು ಮರದಲ್ಲಿಲ್ಲದ ಕಬ್ಬಿಣ," ಎಂದಳು ಪಾತುಂಞಿ. "ನಮ್ಮವನು, ನಮ್ಮವನು ಅಂತ ಚಂದಾ ಎತ್ತುವವರೇ, ನಮ್ಮವನ ಬೆರಳು ತೆಗೆದದ್ದು ಯಾರದ್ದೋ ಮೇಜಿನ ಉದ್ದಕ್ಕೆ. ಭಿಕ್ಷೆ ಯಾಕೆ ಅವನಿಗೆ? ಅವನದ್ದು ಅವನಿಗೆ ಕೊಡಿ."

ಸವಾದನ ಮುಖ ಬಿಗಿಯಿತು. "ಹೆಂಗಸರ ಮಾತು ಬಿಡಿ ಉಮ್ಮರಾಕ. ನೀವು ಹೇಳಿ. ಕಾಗದ ಎಲ್ಲುಂಟು?"

ಉಮ್ಮರಬ್ಬ ಎದ್ದ. ಭರಣಿಯ ಅಡಿಯಿಂದ ಕಾಗದ ತಂದ. ಎಣ್ಣೆಯ ಉಂಗುರ ಬಿದ್ದಿತ್ತು ಅದರ ಮೇಲೆ. ಸವಾದ್ ಜೇಬಿನಿಂದ ಪೆನ್ನು ತೆಗೆದು ಚಾಚಿದ. ಸಫ್ವಾನ್ ಬಾಗಿಲ ಬಳಿ ನಿಂತು ನೋಡುತ್ತಿದ್ದ. ಉಮ್ಮರಬ್ಬ ಪೆನ್ನು ತೆಗೆದುಕೊಳ್ಳಲಿಲ್ಲ. ಆ ಅವಘಡದ ದಿನದಿಂದ ತೊಳೆಯಲು ಕೊಡದೆ ಗೋಡೆಯ ಮೊಳೆಗೆ ನೇತುಹಾಕಿದ್ದ ಕೆಲಸದ ಅಂಗಿಯ ಜೇಬಿಗೆ ಕೈಹಾಕಿ ಕೆಂಪು ಸೀಮೆಸುಣ್ಣದ ತುಂಡು ತೆಗೆದ.

"ನಿಶಾ, ಕಬ್ಬಿಣ ಇರ್ಲಿಲ್ಲ ಅಂತ ಎಲ್ಲಿ ಬರೆದಿದ್ದಾರೆ?"

ನಿಶಾ ಬೆರಳಿಟ್ಟು ತೋರಿಸಿದಳು. ಅವನು ಅದರ ಸುತ್ತ ಒಂದು ಸುತ್ತು ಎಳೆದ.

"ಮುಚ್ಚಳದ್ದು?"

ತೋರಿಸಿದಳು. ಇನ್ನೊಂದು ಸುತ್ತು.

"ಕೈ ಕೊಟ್ಟ ಅಂತ?"

ಮೂರನೆಯದು. ಕಾಗದವನ್ನು ಸವಾದನ ಮುಂದೆ ಇಟ್ಟು ನೆಟ್ಟಗೆ ನಿಂತ.

"ಇಲ್ಲೆಲ್ಲ ಕಬ್ಬಿಣ ಉಂಟು ಸಾರ್. ಸುತ್ತು ಹಾಕಿದ ಮೇಲೆ ನಾನು ಕೊಯ್ಯುದಿಲ್ಲ. ಅವತ್ತು ನಿಮ್ಮ ಮಾತು ಕೇಳಿ ಕೊಯ್ದೆ. ಇನ್ನಿಲ್ಲ."

"ಇಕಾಮಾ ಹೋಗ್ತದೆ, ಗೊತ್ತುಂಟಲ್ಲ?"

"ಗೊತ್ತುಂಟು."

"ಮಗನ ಕೆಲಸವೂ."

ಉಮ್ಮರಬ್ಬ ಮಗನತ್ತ ನೋಡಿದ. ಸಫ್ವಾನ್ ಮುಖ ತಿರುಗಿಸಿದ. ಸವಾದ್ ಕೈ ತೊಳೆಯದೆ ಎದ್ದ.

"ಕೂತ್ಕೊಳ್ಳಿ, ಮೀನು ತಣೀತದೆ," ಎಂದಳು ಪಾತುಂಞಿ. "ಈ ಮನೆಯಿಂದ ಹಸಿದು ಹೋದವರಿಲ್ಲ." ಅವನು ಕೂರಲಿಲ್ಲ. ಮೆಟ್ಟಿಲಲ್ಲಿ ಅವನ ಚಪ್ಪಲಿ ಸದ್ದು ಇಳಿಯುತ್ತಿದ್ದಾಗ ಅವಳು ಖರ್ಜೂರದ ಡಬ್ಬಿ ಹಿಡಿದು ಹಿಂದೆಯೇ ಓಡಿ, ಎರಡನೇ ಮಹಡಿಯಲ್ಲಿ ಅವನ ಕೈಗೇ ಕೊಟ್ಟು ಬಂದಳು.

ಭಾನುವಾರ ಬೆಳಿಗ್ಗೆ ಕಾರ್ಮಿಕ ಕಚೇರಿ ತೆರೆಯುವ ಹೊತ್ತಿಗೆ ಹೋಗಬೇಕೆಂದು ನಿರ್ಧಾರವಾಯಿತು. ರಾಝಿಕ್ ಆಸ್ಪತ್ರೆಯಿಂದ ನೇರ ಅಲ್ಲಿಗೇ ಬರುತ್ತೇನೆಂದ. ಆ ಬೆಳಿಗ್ಗೆ ಸಫ್ವಾನ್ ಆಫೀಸಿಗೆ ಹೊರಡುವ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಉಮ್ಮರಬ್ಬ ಹಲಗೆಯ ಒಂದು ತುದಿ ಎತ್ತಿದ, ಪಾತುಂಞಿ ಇನ್ನೊಂದು.

"ಟ್ಯಾಕ್ಸಿಯವರು ಇದನ್ನು ಹತ್ತಿಸುದಿಲ್ಲ," ಎಂದ ಸಫ್ವಾನ್.

"ನಡ್ಕೊಂಡು ಹೋಗ್ತೇವೆ," ಎಂದಳು ಅವಳು.

ಅವನು ಗೋಡೆಯ ಮೇಲಿನ ಕೀಲಿ ತೆಗೆದ. "ನನ್ನ ಕಾರಿನಲ್ಲೂ ಸುಲಭಕ್ಕೆ ಹಿಡಿಯುದಿಲ್ಲ. ಹಿಂದಿನ ಸೀಟು ಮಡಚ್ಬೇಕು," ಎಂದು ಗೊಣಗುತ್ತ ಬಂದು, ತಾಯಿಯ ಕೈಯಿಂದ ಆ ತುದಿಯನ್ನು ತೆಗೆದುಕೊಂಡ. "ಸುತ್ತು ಅಳಿಸದ ಹಾಗೆ ಹಿಡಿರಿ ಉಪ್ಪ."

ಕೆಳಗೆ ಹಾರಿಸ್ ಮೆಟ್ಟಿಲು ಗುಡಿಸುತ್ತಿದ್ದ. ಹಲಗೆ ಹೊತ್ತು ಇಳಿದು ಬರುವವರನ್ನು ಕಂಡು ಪೊರಕೆ ನಿಲ್ಲಿಸಿ ಬಾಯ್ತುಂಬ ನಕ್ಕ. ಇದು ಕೊನೆಯದಿರಬೇಕು ಎಂದುಕೊಂಡ.

"ಮಾಮಾ! ಖಲಾಸ್?"

"ಲಾ," ಎಂದಳು ಪಾತುಂಞಿ, ಅವನಿಗೂ ಅರ್ಥವಾಗಲೆಂದು ನಿಂತು. "ಮಾಫಿ ಖಲಾಸ್. ಮುಗಿದಿಲ್ಲ. ಈಗ ಶುರು."

ಮತ್ತೆ ಬುರ್ಖಾದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಂದೆ ಹೋಗಿ ಅವರಿಗಾಗಿ ಗೇಟು ತೆರೆದು ಹಿಡಿದಳು.